ಬೇಯದ ಇಟ್ಟಿಗೆ

"ಮಾತ್ರೆ ನುಂಗ್ತಾ ಇದೀರೋ, ಕಿಟಕಿಯಿಂದ ಆಚೆ ಎಸೀತಾ ಇದೀರೋ?" ರಕ್ತಪರೀಕ್ಷೆಯ ಹಾಳೆಯಿಂದ ತಲೆಯೆತ್ತಿ ಡಾಕ್ಟರಮ್ಮ ಕೇಳಿದರು.

"ಎಸೆಯೋಕೆ ಇವಳು ಬಿಡಬೇಕಲ್ಲ ತಾಯಿ! ನುಂಗಿದ ಮೇಲೆ ಬಾಯಿ ತೆಗೆಸಿ ನೋಡ್ತಾಳೆ," ಎಂದ ಮನೆ ಕಟ್ಟುವ ಮೇಸ್ತ್ರಿ. ಪಕ್ಕದಲ್ಲಿದ್ದ ಹೆಂಡತಿ ಹೌದೆಂದು ತಲೆಯಾಡಿಸಿದಳು.

ಮೇಸ್ತ್ರಿಯ ರಕ್ತದ ಕ್ಯಾನ್ಸರ್ ಆಸ್ಪತ್ರೆಯ ಚಿಕಿತ್ಸೆಗೆ ಮಣಿದು ಅಡಗಿ ಕೂತಿತ್ತು. ಅದು ಮತ್ತೆ ಏಳದಂತೆ ತಡೆಯಬೇಕಾದ ಮಾತ್ರೆ ಮೈಯಲ್ಲಿ ಕೆಲಸ ಮಾಡಿದ ಗುರುತೇ ಇರಲಿಲ್ಲ. "ಹೀಗೇ ಆದರೆ ಮತ್ತೆ ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸ್ಕೋಬೇಕಾಗುತ್ತೆ," ಎಂದರು ಡಾಕ್ಟರಮ್ಮ. ಹೆಂಡತಿ ಗಂಡನ ತಲೆಯತ್ತ ನೋಡಿದಳು. ಹಿಂದಿನ ಡ್ರಿಪ್ಪಿಗೆ ಉದುರಿದ್ದ ಕೂದಲು ಈಗಷ್ಟೇ ಚಿಗುರಿತ್ತು.

"ಆ ಮಾತ್ರೆ ಒಳಗೆ ಹೋಗಿ ಮಾಡೋದಾದ್ರೂ ಏನು?" ಎಂದ ಮೇಸ್ತ್ರಿ.

"ಕ್ಯಾನ್ಸರ್ ಕಣಕ್ಕೆ ಬೆಳೆಯೋದೇ ಹುಚ್ಚು. ಬೆಳೆಯೋಕೆ ಪ್ಯೂರೀನ್ ಅನ್ನೋ ವಸ್ತು ಬೇಕು, ನಿಮಗೆ ಇಟ್ಟಿಗೆ ಬೇಕಾದ ಹಾಗೆ. ಮಾತ್ರೆ ಅದರ ನಕಲಿ. ಕಣ ಹಸಿವಿನ ಆತುರದಲ್ಲಿ ಅದನ್ನೇ ಬಾಚ್ಕೊಂಡು ಕಟ್ಟೋಕೆ ಹೋಗುತ್ತೆ..."

"ಗೋಡೆ ಕುಸಿಯುತ್ತೆ! ಬೇಯದ ಇಟ್ಟಿಗೆ ಕೊಟ್ಟು ಯಾಮಾರಿಸೋದು! ನಮ್ಮ ಕಂಟ್ರಾಕ್ಟರನ ಬುದ್ಧಿ ಈ ಮಾತ್ರೆಗೆ ಹೇಗೆ ಬಂತು ತಾಯಿ?"

ಡಾಕ್ಟರಮ್ಮ ನಗು ತಡೆದುಕೊಂಡರು. "ಮಾತ್ರೆ ಯಾವುದರ ಜೊತೆ ತಗೋತೀರಿ?"

"ಹಾಲಲ್ಲಿ," ಎಂದಳು ಹೆಂಡತಿ ಹೆಮ್ಮೆಯಿಂದ. "ಪಕ್ಕದ ಮನೆ ಹಸುದು. ಕಾಯಿಸಿದ್ರೆ ಸತ್ವ ಹೋಗುತ್ತೆ ಅಂತ ಹಸಿ ಹಾಲೇ. ನನ್ನ ಪ್ರಾರ್ಥನೆ ಮುಗಿಯೋವರೆಗೂ ಮಾತ್ರೇನ ಅದರಲ್ಲೇ ನೆನೆಸಿಟ್ಟಿರ್ತೀನಿ."

ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ಅಮ್ಮ! ಈ ಮಾತ್ರೆಯನ್ನೇ ಮುರಿದುಹಾಕೋ ಅಂಶ ಹಸಿ ಹಾಲಲ್ಲಿದೆ. ಸೋಂಕಿನ ಭಯ ಬೇರೆ. ಇನ್ಮೇಲೆ ಬರೀ ನೀರು! ಡ್ರಿಪ್ ಸದ್ಯಕ್ಕೆ ಬೇಡ, ಮುಂದಿನ ತಿಂಗಳು ರಕ್ತ ನೋಡೋಣ."

ದಾರಿಯುದ್ದಕ್ಕೂ ಅವಳು ಕಣ್ಣೊರೆಸಿಕೊಂಡಳು. "ಕಳ್ಳನಿಗೆ ನಾನೇ ಕಾವಲು ನಿಂತಿದ್ದೆನಲ್ರೀ."

"ಬಿಡೇ, ನಿನ್ನ ಹಾಲು ಕುಡಿದು ನನ್ನ ಕೆನ್ನೆಯಾದರೂ ತುಂಬಿದೆ," ಎಂದು ಮೇಸ್ತ್ರಿ ನಕ್ಕ.

ಅಂದು ಸಂಜೆ ಮೇಸ್ತ್ರಿ ನೀರಿನಲ್ಲಿ ಮಾತ್ರೆ ನುಂಗಿದ. ಅದು ಗಂಟಲಿಳಿದ ಮೇಲೆಯೇ ಅವಳು ಕೈಮುಗಿದು ಕಣ್ಣು ಮುಚ್ಚಿದಳು. ತುಟಿಗಳು ಬಹಳ ಹೊತ್ತು ಅಲುಗಿದವು.

"ಏನು ಬೇಡ್ಕೊಂಡೆ? ನನ್ನ ಆಯಸ್ಸಾ?"

"ಅದು ದಿನಾ ಇದ್ದದ್ದೇ," ಎಂದು ಅವಳು ಕಣ್ಣು ತೆರೆದಳು. "ಇವತ್ತು ಆ ಹಾಳು ಕಣಗಳಿಗೆ ಚೆನ್ನಾಗಿ ಹಸಿವಾಗಲಿ ದೇವರೇ, ಅಂದೆ."