ಮೇಡಂ ಇಟ್ಟ ಪರೀಕ್ಷೆ

"ತಲೆ ಎತ್ತಬೇಡ ಕಣಮ್ಮ, ಕಂಡುಬಿಡ್ತೀಯ," ಎನ್ನುತ್ತ ಡ್ರೈವರ್ ಕಿಟಕಿಯ ಪರದೆ ಎಳೆದ. ಬಸ್ಸಿನ ಹಿಂದಿನ ಸೀಟಿನಡಿ ಬಿಸ್ಕತ್ತು ಕಚ್ಚುತ್ತ ಮಲಗಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಅವನು ಬಾಗಿಲಿನ ಚಿಲಕ ಹಾಕಿದ. ಹೊರಗೆ ಕೆರೆಯ ದಂಡೆಯಲ್ಲಿ ಒಬ್ಬಳು ಕೂಗುತ್ತಾ ಓಡತೊಡಗಿದ್ದಳು.

ನೋಡಿದವರು ಅವನನ್ನು ಮಕ್ಕಳ ಕಳ್ಳ ಅಂದುಕೊಳ್ಳಬೇಕು. ಪಾಪ, ಹೇಳಿದ ಕೆಲಸ ಮಾಡುತ್ತಿದ್ದ, ಅಷ್ಟೆ. ಬೇಸಿಗೆ ಶಿಬಿರ ನಡೆಸುವ ಮೇಡಂ ಅವರದ್ದು ಒಂದು ಪದ್ಧತಿ. ಪ್ರತಿ ವರ್ಷ ಮಕ್ಕಳನ್ನು ಮೊದಲ ಸಲ ಹೊರಗೆ ಕರೆದೊಯ್ದಾಗ ಒಂದು ಮಗುವನ್ನು ಗುಟ್ಟಾಗಿ ಬಚ್ಚಿಡುವುದು. ನೋಡಿಕೊಳ್ಳುವ ಅಕ್ಕಂದಿರಿಗೆ ಎಷ್ಟು ಬೇಗ ಗೊತ್ತಾಗುತ್ತದೆ ನೋಡುವುದು. ಈ ಸಲ ಬಸ್ಸಿನಿಂದ ಇಳಿಯುವಾಗ ಕೈಗೆ ಸಿಕ್ಕ ಹುಡುಗಿಯನ್ನೇ ಹಿಡಿದು ಅವನಿಗೆ ಒಪ್ಪಿಸಿದ್ದರು. ಯಾವ ಅಕ್ಕನ ಗುಂಪಿನವಳಾದರೇನು, ಎಚ್ಚರ ಇಬ್ಬರು ಅಕ್ಕಂದಿರಿಗೂ ಇರಬೇಕು ಎಂಬುದು ಅವರ ವಾದ. ನಾನು ಸೀಟಿ ಊದುವ ತನಕ ಯಾರೂ ಬಾಯಿ ಬಿಡಕೂಡದು ಎಂದು ಡ್ರೈವರಿಗೂ ದೋಣಿಯವನಿಗೂ ಅಪ್ಪಣೆಯಾಗಿತ್ತು.

ಸಿಕ್ಕಿಬಿದ್ದವಳು ಹೊಸ ಅಕ್ಕ. ಇನ್ನೂ ಕಾಲೇಜಿನ ಹುಡುಗಿ. ದಾರಿಯುದ್ದಕ್ಕೂ ಮಕ್ಕಳ ಷೂ ದಾರ ಕಟ್ಟುತ್ತಲೇ ಬಂದಿದ್ದಳು. "ಮರೀ, ಮರೀ" ಎಂದು ಕೂಗುತ್ತಿದ್ದಳು. ಮಕ್ಕಳ ಹೆಸರು ಇನ್ನೂ ಯಾರ ಬಾಯಿಗೂ ಕೂತಿರಲಿಲ್ಲ, ಎಲ್ಲವೂ ಮರಿಗಳೇ.

ಅವಳು ಮೇಡಂ ಹತ್ತಿರ ಓಡಿ ಬಂದು ಏನೋ ಹೇಳಹೊರಟಳು. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮಗು ಕಾಣದಿದ್ದರೆ ಇಲ್ಲಿ ನಿಂತು ಹೇಳಿದರೆ ಸಿಗುತ್ತದೆಯೇ, ಹೋಗಿ ಹುಡುಕು ಎಂದು ಗದರಿ ಕಳಿಸಿದರು. ಅವಳು ಬೆನ್ನು ತಿರುಗಿಸಿದ್ದೇ ಬಸ್ಸಿನತ್ತ ನೋಡಿ ಸಣ್ಣಗೆ ನಕ್ಕರು.

ಅವಳು ದೋಣಿಯವನ ಹತ್ತಿರ ಓಡಿ ಗೋಗರೆದಳು, ಕಾಲಿಗೆ ಬೀಳುವುದೊಂದೇ ಬಾಕಿ. ಅವನು ಕಿವಿ ಕೆರೆದುಕೊಂಡು ಮೇಡಂ ಮುಖ ನೋಡಿದ. ಅವರು ಬೇಡವೆಂದು ತಲೆಯಾಡಿಸಿದರು. ಅವನು ಕೂತು ಹುಟ್ಟು ಒರೆಸತೊಡಗಿದ.

ಹಳೇ ಅಕ್ಕ ಮರದ ಕೆಳಗೆ ಕಲ್ಲಂಗಡಿ ಹೆಚ್ಚುತ್ತಿದ್ದಳು. ಎಷ್ಟೋ ಶಿಬಿರ ಕಂಡವಳು. ಮೇಡಂ ಆಟ ಅವಳಿಗೆ ತಿಳಿಯದ್ದೇನಲ್ಲ. ಹೊಸ ಅಕ್ಕನ ಮಕ್ಕಳನ್ನೂ ತನ್ನ ಸುತ್ತಲೇ ಕೂರಿಸಿಕೊಂಡು, ಯಾರಿಗೆ ಬೀಜ ತೆಗೆದು ಕೊಡಲಿ ಎಂದು ವಿಚಾರಿಸುತ್ತಿದ್ದಳು.

ಡ್ರೈವರ್ ಹೊಸ ಅಕ್ಕನನ್ನೇ ನೋಡುತ್ತಿದ್ದ. ಅವನ ಮಗಳಿಗೂ ಹೆಚ್ಚುಕಡಿಮೆ ಅವಳದೇ ವಯಸ್ಸು. ಒಂದು ಮಾತು ಹೇಳಿದರೆ ಮುಗಿಯಿತು. ಹೇಳಿದರೆ ನಾಳೆಯಿಂದ ಬಸ್ಸು ಬೇರೆಯವರ ಕೈಗೆ. ನಿಂತ ಬಸ್ಸಿನ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು ಕೂತ.

ಹುಡುಗಿ ಪರದೆಯ ಸಂದಿಯಿಂದ ಇಣುಕಿದಳು. "ಮಾಮ, ನಮ್ಮಕ್ಕ ನನ್ನ ಹುಡುಕ್ತಾನೇ ಇಲ್ಲ."

"ಇನ್ನೆಷ್ಟು ಹುಡುಕಬೇಕೇ? ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ ಪಾಪ."

"ಇಲ್ಲ ಮಾಮ. ಅಲ್ಲಿ ಎಲ್ಲರಿಗೂ ಹಣ್ಣು. ನನಗೆ ಮಾತ್ರ ಬರೀ ಬಿಸ್ಕತ್ತು."

ಹೊಟ್ಟೆಬಾಕಿ ಎಂದುಕೊಂಡು ಅವನು ಇನ್ನೊಂದು ಬಿಸ್ಕತ್ತು ಕೈಗಿಟ್ಟ.

ಹೊಸ ಅಕ್ಕ ಈಗ ನೀರಿಗೆ ಇಳಿದಿದ್ದಳು. ಮೊದಲು ಮೊಣಕಾಲು, ಆಮೇಲೆ ಸೊಂಟ. ಈಜು ಬಾರದವಳೆಂದು ನೋಡಿದರೇ ತಿಳಿಯುತ್ತಿತ್ತು. ನೀರನ್ನು ಪರದೆಯಂತೆ ಎರಡೂ ಕೈಯಿಂದ ಸರಿಸುತ್ತಿದ್ದಳು. ಡ್ರೈವರ್ ಕಿಟಕಿಯಿಂದಲೇ ಮೇಡಂಗೆ ಕೈ ಮುಗಿದ, ಸಾಕು ಎನ್ನುವಂತೆ. ಇನ್ನು ಸ್ವಲ್ಪ ಎಂದು ಅವರು ಬೆರಳೆತ್ತಿದರು.

ಅವಳು ನೀರಿನಿಂದ ಎದ್ದು ನೇರ ಬಸ್ಸಿಗೆ ಬಂದು ಬಾಗಿಲು ಬಡಿದಳು. ದನಿ ಹೊರಡುತ್ತಿರಲಿಲ್ಲ. "ಅಣ್ಣಾ, ನಿಮಗೆ ಈಜು ಬರುತ್ತಾ? ದೋಣಿಯವನು ಕದಲ್ತಾ ಇಲ್ಲ. ಯಾರೂ ಕದಲ್ತಾ ಇಲ್ಲ."

ಹೋದರೆ ಹೋಗಲಿ ಕೆಲಸ ಎಂದು ಅವನು ಚಿಲಕ ತೆಗೆದ. "ಅಳಬೇಡ ತಾಯಿ. ಇದೆಲ್ಲ ಮೇಡಂ ಇಟ್ಟ ಪರೀಕ್ಷೆ. ಮಗು ಇಲ್ಲೇ ಇದೆ, ನೋಡು," ಎಂದು ಹುಡುಗಿಯನ್ನು ಎತ್ತಿ ತಂದು ಮುಂದೆ ನಿಲ್ಲಿಸಿದ.

ಅವಳು ಹುಡುಗಿಯ ಮುಖ ನೋಡಿದಳು. ಆಮೇಲೆ ಅವನ ಮುಖ.

"ಇವಳು ಆ ಅಕ್ಕನ ಗುಂಪಿನವಳು, ಅಣ್ಣ," ಎಂದಳು. "ನಾನು ಕೂಗ್ತಿರೋದು ಒಬ್ಬ ಹುಡುಗನ್ನ."