ಅನ್ನದ ಬಳೆ

ಈಗ ಹೆಂಗಸರ ಕಾರಿನ ಕೀಲಿ ಗಾಜಿನ ಬಳೆಯಾಗಿಯೇ ಬರುತ್ತದೆ. ಬಳೆ ತೊಟ್ಟ ಕೈ ಸೋಕಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಒಂದು ಕಾರಿಗೆ ಒಂದೇ ಬಳೆ; ಒಡೆದರೆ ಇನ್ನೊಂದಿಲ್ಲ. ನನ್ನ ಸೊಸೆ ನಾಗವೇಣಿ ತಿಪಟೂರಿನಲ್ಲಿ ಬಾಡಿಗೆ ಕಾರು ಓಡಿಸಿ ಮನೆ ನಡೆಸುತ್ತಿದ್ದಳು.

ನನ್ನ ಮಗ ಶ್ರೀಕಂಠ ತೀರಿಕೊಂಡ ಹತ್ತನೆಯ ದಿನ ನನ್ನ ಅಕ್ಕ ತುಂಗಮ್ಮ ಬಳೆ ಒಡೆಯಲೆಂದು ಅವಳ ಕೈ ಹಿಡಿದುಕೊಂಡಳು.

“ಹಸಿರು ಬಳೆ ಎಲ್ಲಾ ಒಡೀರಿ ಅತ್ತೆ. ಈ ನೀಲಿದೊಂದು ಬಿಡಿ. ಇದು ಅನ್ನ ಕೊಡೋ ಬಳೆ,” ಎಂದಳು ನಾಗವೇಣಿ.

“ಅದು ಕೀಲಿ ಕಣಕ್ಕಾ. ಬಿಟ್ಟರೆ ದೇವರೇನೂ ಮುನಿಯಲ್ಲ,” ಎಂದೆ ನಾನು.

“ಕೀಲಿಯಾದ್ರೇನು, ಗಾಜು ಗಾಜೇ. ಇಷ್ಟು ವರ್ಷ ಪೂಜೆ ಮಾಡಿ ಇದೇನಾ ನೀನು ಕಲಿತಿದ್ದು?” ಎನ್ನುತ್ತಾ ಅಕ್ಕ ಅದನ್ನೂ ಕಲ್ಲಿಗೆ ಕುಟ್ಟಿದಳು.

ಊಟವಾದ ಮೇಲೆ ಅವಳೇ ಚೀಲ ಹಿಡಿದು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. “ಬೇಗ ಬಾರೇ ನಾಗವೇಣಿ, ಅರಸೀಕೆರೆ ರೈಲು ಹೊರಟುಹೋಗತ್ತೆ.”

ನಾಗವೇಣಿ ಮುಂದೆ ಕುಳಿತು ಸ್ಟೇರಿಂಗಿನ ಮೇಲೆ ಬರಿಗೈ ಇಟ್ಟಳು. ಎಂಜಿನ್ ಚಾಲೂ ಆಗಲಿಲ್ಲ. ಕಾರು ಬೀದಿಗೆಲ್ಲ ಕೇಳುವಂತೆ “ಕಳ್ಳರು! ಕಳ್ಳರು!” ಎಂದು ಕೂಗತೊಡಗಿತು.

“ಅಯ್ಯೋ, ಮಾನ ಹೋಗತ್ತೆ! ಅದರ ಬಾಯಿ ಮುಚ್ಚಿಸೇ.”

“ನಿಜ ಹೇಳೋರ ಬಾಯಿ ನಾನ್ಯಾಕೆ ಮುಚ್ಚಿಸಲಿ ಅತ್ತೆ?” ಎಂದಳು ನಾಗವೇಣಿ.