ಹಲಗೆಯ ಮೇಲಿನ ಪದ

"'ಅಶೋರ್' ಅಂದ್ರೆ ನೆಲದ ಮೇಲೆ ಅಂತಮ್ಮ. ನೀರಲ್ಲಿ ಅಲ್ಲ," ಎಂದ ಬಂದರು ಕಚೇರಿಯ ಗುಮಾಸ್ತ, ಹಲಗೆಯ ಮೇಲೆ ತಾನೇ ಈಗಷ್ಟೇ ಬರೆದ ಪದದಿಂದ ಕಣ್ಣು ಕೀಳದೆ. ಮುಳುಗಿದ ದೋಣಿಯವರನ್ನು ಎಲ್ಲಿ ಹುಡುಕುತ್ತಿದ್ದಾರೆಂದು ದಿನವೂ ಅಲ್ಲಿ ಬರೆಯುವುದು ಅವನದೇ ಕೆಲಸ. ನಾಲ್ಕು ದಿನ 'ಅಟ್ ಸೀ' ಎಂದಿದ್ದದ್ದು ಈ ಬೆಳಿಗ್ಗೆ ಬದಲಾಗಿತ್ತು.

"ನೆಲದ ಮೇಲಾ!" ದೋಣಿಯ ಮೆಕ್ಯಾನಿಕ್‌ನ ಹೆಂಡತಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಈಜಿ ದಡ ಸೇರಿದಾರೆ. ನಾನು ಹೇಳಿರ್ಲಿಲ್ವಾ ಅತ್ತೆ, ನಿಮ್ಮ ಮಗ ಅಷ್ಟು ಸುಲಭಕ್ಕೆ ಸೋಲೋರಲ್ಲ ಅಂತ!" ಚೀಲದಿಂದ ಇಸ್ತ್ರಿ ಮಾಡಿದ ಅಂಗಿಯೊಂದನ್ನು ತೆಗೆದು ಗುಮಾಸ್ತನ ಮೇಜಿನ ಮೇಲಿಟ್ಟಳು. "ಹುಡುಕೋರ ಕೈಲಿ ಇದನ್ನ ಕಳಿಸಿ ಸಾರ್. ಪಾಪ, ಒದ್ದೆ ಬಟ್ಟೇಲೇ ಇರ್ತಾರೆ."

ಆ ಪದ ಹಲಗೆಗೆ ಯಾವಾಗ ಬರುತ್ತದೆಂದು ಗುಮಾಸ್ತನಿಗೆ ಗೊತ್ತಿತ್ತು. ಜೀವಂತ ಸಿಗುವ ಆಸೆ ಇರುವತನಕ ನೀರಿನಲ್ಲಿ ಹುಡುಕುತ್ತಾರೆ. ಆಸೆ ಬಿಟ್ಟ ದಿನ ದೋಣಿಗಳನ್ನು ವಾಪಸ್ ಕರೆಸಿ, ಅಲೆಗಳು ತಂದು ಹಾಕುವುದನ್ನು ಕಾಯಲು ದಡದುದ್ದಕ್ಕೂ ಜನರನ್ನು ನಿಲ್ಲಿಸುತ್ತಾರೆ. ಪದದ ಅರ್ಥವನ್ನೇನೋ ಹೇಳಿಬಿಟ್ಟಿದ್ದ; ಇದನ್ನು ಹೇಳದೆ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದ.

ಅತ್ತೆ ಒಂದು ಕಾಲದಲ್ಲಿ ತನ್ನ ಗಂಡನಿಗಾಗಿ ಇದೇ ಹಲಗೆಯ ಮುಂದೆ ಕಾದಿದ್ದವಳು. ಅವಳು ಅಂಗಿಯನ್ನು ಎತ್ತಿ, ಮಡಿಕೆ ಕೆಡದಂತೆ ಮತ್ತೆ ಚೀಲಕ್ಕೆ ಹಾಕಿದಳು. ಆಮೇಲೆ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೋಗೋವಾಗ ಯಾವ ಬಣ್ಣದ ಅಂಗಿ ಹಾಕ್ಕೊಂಡಿದ್ದ, ನೆನಪು ಮಾಡ್ಕೋ ಮಗಳೇ," ಎಂದಳು. "ದಡದಲ್ಲಿ ಹುಡುಕೋರು ಮೊದಲು ಅದನ್ನೇ ಕೇಳ್ತಾರೆ."